ನಾಡಿಯೂ ನುಡಿಯೂ

ಕನ್ನಡದಲ್ಲಿ 'ಯಂತ್ರ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಗಿರಣಿಯಲ್ಲಿ ತಿರುಗುವುದೂ ಯಂತ್ರವೇ. ಮಗುವಿನ ರಟ್ಟೆಗೆ ಕರಿಯ ದಾರದಲ್ಲಿ ಕಟ್ಟುವ ತಾಮ್ರದ ತಗಡೂ ಯಂತ್ರವೇ. ಮೊದಲನೆಯದು ಮನುಷ್ಯನ ದುಡಿಮೆಯನ್ನು ಹಗುರ ಮಾಡುವುದು. ಎರಡನೆಯದು ಅವನನ್ನು ರೋಗರುಜಿನಗಳಿಂದ ಕಾಯುವುದೆಂದು ನಮ್ಮ ಹಿರಿಯರ ನಂಬಿಕೆಯಾಗಿತ್ತು. ಈ ಎರಡು ಅರ್ಥಗಳೂ ಒಂದೆಡೆ ಕೂಡುವ ಕಾಲ ಬಂದೀತೆಂದು ಅವರಾರೂ ಎಣಿಸಿರಲಾರರು. ಈಗ ಆ ಕಾಲ ಬಂದಿದೆ. ಬೆಳಗಿನ ಲೋಕಲ್ ಗಾಡಿಯಲ್ಲಿ ನಿಂತು ಒಮ್ಮೆ ಸುತ್ತಲೂ ನೋಡಿರಿ. ಮೇಲಿನ ಹಿಡಿಗಳಿಗೆ ಜೋತುಬಿದ್ದ ಕೈಗಳಲ್ಲಿ ಎಷ್ಟೋ ಕೈಗಳಿಗೆ ಕರಿಯ ಗಾಜಿನ ಗಡಿಯಾರಗಳಿರುತ್ತವೆ. ಅವು ಗಂಟೆಯನ್ನು ಮಾತ್ರ ತೋರಿಸುವುದಿಲ್ಲ. ಧರಿಸಿದವನ ನಾಡಿಯನ್ನೂ ಎಣಿಸುತ್ತವೆ, ನಡೆದ ಹೆಜ್ಜೆಗಳನ್ನು ಲೆಕ್ಕವಿಡುತ್ತವೆ, ಅವನು ಎಷ್ಟು ಹೊತ್ತು ನಿದ್ರೆ ಮಾಡಿದನೆಂಬುದನ್ನು ಸಹ ಬರೆದಿಡುತ್ತವೆ.

ಇವುಗಳನ್ನು ಧರಿಸುವ ಗಣಕಯಂತ್ರಗಳೆಂದು ಕರೆಯಬಹುದು. ಇವುಗಳ ಬಂಧುಗಳಾದ ಇನ್ನೂ ಕೆಲವು ಉಪಕರಣಗಳು ಎದೆಯ ಮೇಲೆ, ತೋಳಿನ ಮೇಲೆ, ಬೆರಳ ತುದಿಯಲ್ಲಿ ಕುಳಿತು, ದೂರದ ಊರಿನಲ್ಲಿರುವ ವೈದ್ಯನಿಗೆ ರೋಗಿಯ ಸ್ಥಿತಿಯನ್ನು ತಿಳಿಸುತ್ತವೆ. ಇವು ಹೇಗೆ ಹುಟ್ಟಿದವು, ಏನು ಮಾಡಬಲ್ಲವು, ಇವುಗಳಿಂದಾಗದೆ ಮನುಷ್ಯನಿಗಾಗಿಯೇ ಉಳಿದಿರುವ ಕೆಲಸ ಯಾವುದು ಎಂಬುದನ್ನು ಕುರಿತು ವಿದ್ಯಾರ್ಥಿಗಳೊಡನೆ ನಾಲ್ಕು ಮಾತು ಆಡಬೇಕೆಂದು ಬಹಳ ದಿನಗಳಿಂದ ನಮ್ಮ ಮನಸ್ಸಿನಲ್ಲಿತ್ತು. ನಾವು ವೈದ್ಯಶಾಸ್ತ್ರವನ್ನು ಓದಿದವರಲ್ಲ. ಭೀಮಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯಲ್ಲಿಯೇ ಮೆಟ್ರಿಕ್ ಮುಗಿಸಿ, ಹೊಟ್ಟೆಪಾಡಿಗಾಗಿ ಈ ಮಹಾನಗರಕ್ಕೆ ಬಂದು, ನಿಮಗೆ ಕನ್ನಡ ಕಲಿಸುತ್ತಿರುವವರು. ಆದರೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯಿಂದ ಈ ವಿಷಯದ ಬಗೆಗೆ ಕೇಳಿ, ಓದಿ, ವಿಚಾರಿಸಿ ತಿಳಿದುಕೊಳ್ಳುವ ಪ್ರಸಂಗ ಒದಗಿತು.

ಮೊದಲು ಸ್ವಲ್ಪ ಇತಿಹಾಸವನ್ನು ನೋಡೋಣ. ಹೃದಯವು ಬಡಿಯುವಾಗ ಅದರಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಅದು ಚರ್ಮದ ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೆ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲಿನಷ್ಟಿರುತ್ತದೆ. ಕೈದೀಪದ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟು ಇರುವುದೆಂಬುದನ್ನು ನೆನೆದರೆ ಇದು ಎಷ್ಟು ಕ್ಷೀಣವಾದುದೆಂಬುದು ನಿಮಗೆ ಹೊಳೆದೀತು. ಈ ಕ್ಷೀಣವಾದ ವಿದ್ಯುತ್ತನ್ನು ಸ್ಪಷ್ಟವಾದ ಗೆರೆಯಾಗಿ ಬರೆಯಿಸುವ ಸಾಧನವನ್ನು ಹಾಲೆಂಡಿನ ಲೈಡನ್ ನಗರದ ವಿಜ್ಞಾನಿ ವಿಲ್ಲೆಮ್ ಐಂಥೋವನ್ ನಿರ್ಮಿಸಿದನು. ಇಂದು ನಾವು ಇ.ಸಿ.ಜಿ. ಎನ್ನುವುದು ಅದನ್ನೇ. ಅವನ ಯಂತ್ರ ಸುಮಾರು 270 ಕಿಲೋಗ್ರಾಂ ಭಾರವಿತ್ತು. ಅದನ್ನು ನಡೆಸಲು ಐದು ಜನ ಬೇಕಾಗುತ್ತಿದ್ದರು. ರೋಗಿಯು ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲುಗಳನ್ನು ಅದ್ದಿ ಕುಳಿತುಕೊಳ್ಳಬೇಕಾಗಿತ್ತು. ಅಂಥ ಯಂತ್ರವನ್ನು ಆಸ್ಪತ್ರೆಗೆ ಸಾಗಿಸುವುದೆಂತು? ರೋಗಿಯನ್ನಾದರೂ ಹಾಸಿಗೆಯಿಂದೆಬ್ಬಿಸಿ ಪ್ರಯೋಗಶಾಲೆಗೆ ಕರೆತರುವುದೆಂತು? ಐಂಥೋವನ್ ಒಂದು ಉಪಾಯವನ್ನು ಕಂಡನು. ಆಸ್ಪತ್ರೆಗೂ ಪ್ರಯೋಗಶಾಲೆಗೂ ನಡುವೆ ಸುಮಾರು ಒಂದೂವರೆ ಕಿಲೋಮೀಟರಿನ ಅಂತರ. 1905ರಲ್ಲಿ ಅವನು ಟೆಲಿಫೋನಿನ ತಂತಿಯ ಮೂಲಕ ರೋಗಿಯ ಹೃದಯದ ಸಂಕೇತವನ್ನು ಅಷ್ಟು ದೂರ ತರಿಸಿ ತನ್ನ ಯಂತ್ರದಲ್ಲಿ ಬರೆಯಿಸಿದನು. ದೂರದಿಂದ ರೋಗಿಯನ್ನು ನೋಡುವ ವಿದ್ಯೆಯ ಮೊದಲ ಹೆಜ್ಜೆಗಳಲ್ಲಿ ಇದೊಂದು. ಈ ಮಹನೀಯನಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಐಂಥೋವನನ ರೋಗಿ ಅಲುಗಾಡದೆ ಕುಳಿತಿರಬೇಕಾಗಿತ್ತು. ಆದರೆ ಮನುಷ್ಯನು ಕುಳಿತೇ ಬದುಕುವ ಪ್ರಾಣಿಯಲ್ಲವಷ್ಟೆ! ಅವನು ನಡೆಯುವಾಗ, ದುಡಿಯುವಾಗ, ಸಿಟ್ಟಾದಾಗ, ಮಲಗಿದಾಗ ಹೃದಯವು ಹೇಗೆ ವರ್ತಿಸುವುದು? ಅಮೆರಿಕದ ಮೊಂಟಾನಾ ಪ್ರಾಂತದ ನಾರ್ಮನ್ ಹೋಲ್ಟರ್ ಎಂಬ ವಿಜ್ಞಾನಿಗೆ ಈ ಪ್ರಶ್ನೆ ಎದುರಾಯಿತು. 1940ರ ದಶಕದ ಕೊನೆಯ ವರ್ಷಗಳಲ್ಲಿ ಅವನು ಹೃದಯದ ಸಂಕೇತವನ್ನು ರೇಡಿಯೋ ಮೂಲಕ ಕಳುಹಿಸುವ ಉಪಕರಣವೊಂದನ್ನು ಮಾಡಿ ತನ್ನ ಬೆನ್ನಿಗೇ ಕಟ್ಟಿಕೊಂಡನು. ಅದರ ತೂಕ ಸುಮಾರು 38 ಕಿಲೋಗ್ರಾಂ. ನಮ್ಮ ಹಮಾಲರು ಹೊರುವ ಮೂಟೆಯಷ್ಟು ಭಾರದ ಆ ಹೊರೆಯನ್ನು ಹೊತ್ತು ಅವನು ಸೈಕಲ್ಲನ್ನು ತುಳಿದನು. ಟ್ರಾನ್ಸಿಸ್ಟರು ಬಂದ ಮೇಲೆ ಹೊರೆ ಕರಗುತ್ತ ಹೋಗಿ, ಕೊನೆಗೆ ಒಂದು ಸಣ್ಣ ಡಬ್ಬಿಯಾಯಿತು. ಇಂದಿಗೂ ದಿನವಿಡೀ ಹೃದಯವನ್ನು ದಾಖಲು ಮಾಡುವ ಆ ಡಬ್ಬಿಗೆ 'ಹೋಲ್ಟರ್' ಎಂದೇ ಹೆಸರು.

1961ನೆಯ ವರ್ಷವನ್ನು ನೀವು ವಿಶೇಷವಾಗಿ ನೆನಪಿಡಬೇಕು. ಆ ವರ್ಷವೇ ಹೋಲ್ಟರನು ತನ್ನ ಹೊಸ ಕ್ರಮವನ್ನು 'ಸೈನ್ಸ್' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದನು. ಆ ವರ್ಷವೇ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶ್ಯಾನನ್ ಎಂಬ ಇಬ್ಬರು ಗಣಿತಜ್ಞರು ಮೈಮೇಲೆ ಬಚ್ಚಿಟ್ಟುಕೊಳ್ಳುವ ಒಂದು ಚಿಕ್ಕ ಗಣಕವನ್ನು ಮಾಡಿ, ಕಾಲ ಹೆಬ್ಬೆರಳಿನಿಂದ ಅದರ ಗುಂಡಿಯನ್ನೊತ್ತುತ್ತ, ಜೂಜಿನ ಚಕ್ರದಲ್ಲಿ ಗೋಲಿ ಎಲ್ಲಿ ನಿಲ್ಲುವುದೆಂದು ಊಹಿಸಲು ಹೊರಟರು. ಮನುಷ್ಯನು ಧರಿಸಿದ ಮೊದಲ ಗಣಕಯಂತ್ರ ಅದೇ ಎಂದು ಬಲ್ಲವರು ಹೇಳುತ್ತಾರೆ. ಜೂಜಿಗಾಗಿ ಹುಟ್ಟಿದ ವಿದ್ಯೆ ಇಂದು ಜೀವವನ್ನುಳಿಸುವ ಕೆಲಸಕ್ಕೆ ನಿಂತಿದೆ. ಅದೇ ವರ್ಷ ಏಪ್ರಿಲ್ 12ರಂದು ಯೂರಿ ಗಗಾರಿನ್ ಭೂಮಿಯನ್ನು ಒಂದು ಸುತ್ತು ಹಾಕಿ ಬಂದನು. ಅವನ ಮೈಗೆ ಅಂಟಿಸಿದ್ದ ಉಪಕರಣಗಳ ಮೂಲಕ ನೆಲದ ಮೇಲಿನವರು ಅವನ ಹೃದಯದ ಬಡಿತವನ್ನು ಗಮನಿಸುತ್ತಿದ್ದರು. ಆದರೂ ಅವರು ರೇಡಿಯೋದಲ್ಲಿ ಅವನ ಯೋಗಕ್ಷೇಮವನ್ನು ವಿಚಾರಿಸುವುದನ್ನು ಬಿಡಲಿಲ್ಲ; ತಾನು ಚೆನ್ನಾಗಿರುವೆನೆಂದು ಅವನೂ ಮತ್ತೆ ಮತ್ತೆ ಬಾಯಿಬಿಟ್ಟು ಹೇಳುತ್ತಿದ್ದನು. ನಾಡಿಯೊಡನೆ ನುಡಿಯೂ ಬೇಕಾಯಿತೆಂಬ ಈ ಚಿಕ್ಕ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ಇಡೀ ದಿನದ ದಾಖಲೆ ಯಾಕೆ ಬೇಕೆಂಬುದು ಸರಳವಾದ ಲೆಕ್ಕ. ಸಾಮಾನ್ಯ ಇ.ಸಿ.ಜಿ.ಯು ಸುಮಾರು 10 ಸೆಕೆಂಡುಗಳ ಕಾಲ ಹೃದಯವನ್ನು ನೋಡುತ್ತದೆ. ನಿಮಿಷಕ್ಕೆ 72 ಬಡಿತವೆಂದು ಹಿಡಿದರೆ ಅದು ಕಾಣುವುದು 12 ಬಡಿತಗಳನ್ನು. ಒಂದು ಹಗಲು ಒಂದು ರಾತ್ರಿಗೆ ಬಡಿತಗಳು 1,03,680 ಆಗುತ್ತವೆ. ದಿನವೊಂದರಲ್ಲಿ ಇಂಥ ಹತ್ತು ಸೆಕೆಂಡಿನ ತುಂಡುಗಳು 8,640. ಹೃದಯವು ದಿನಕ್ಕೊಮ್ಮೆ ಮಾತ್ರ ತಪ್ಪುಹೆಜ್ಜೆ ಇಡುವುದಾದರೆ, 8,640 ತುಂಡುಗಳಲ್ಲಿ ಅದೊಂದೇ ತುಂಡು ಇ.ಸಿ.ಜಿ. ತೆಗೆಯುವ ವೇಳೆಗೆ ಒದಗಿ ಬರಬೇಕು. ಇದು ಕಣಜದಲ್ಲಿ ಬಿದ್ದ ಮೂಗುತಿಯನ್ನು ಒಂದೇ ಬೊಗಸೆಯಲ್ಲಿ ಎತ್ತುವೆನೆಂದ ಹಾಗೆ. ಆದುದರಿಂದಲೇ ದಿನಗಟ್ಟಲೆ ಮೈಮೇಲಿದ್ದು ಎಣಿಸುವ ಉಪಕರಣ ಬೇಕಾಯಿತು.

ಇನ್ನು ಕೈಗಡಿಯಾರದ ವಿಷಯ. ಅದರ ಬೆನ್ನಿನಲ್ಲಿ ಹಸಿರು ಬೆಳಕೊಂದು ಮಿನುಗುವುದನ್ನು ನೀವು ಕಂಡಿರಬಹುದು. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೊಮ್ಮೆ ಮಣಿಕಟ್ಟಿನಲ್ಲಿ ರಕ್ತ ತುಂಬುವುದರಿಂದ ಹಿಂದಿರುಗುವ ಬೆಳಕು ಕಡಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿ ಗಡಿಯಾರವು ನಾಡಿಯನ್ನು ಹೇಳುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇದರ ಅಣ್ಣನೆನ್ನಬಹುದು. ಜಪಾನಿನ ಟಕುಓ ಅಓಯಾಗಿ ಎಂಬ ಇಂಜಿನಿಯರು 1974ರಲ್ಲಿ ಅದರ ತತ್ತ್ವವನ್ನು ಪ್ರಕಟಿಸಿದನು. 2020ರ ಮಹಾಮಾರಿಯಲ್ಲಿ ಆ ಉಪಕರಣ ನಮ್ಮ ಚಾಳು ಚಾಳುಗಳಿಗೂ ಬಂದಿತು; ಅದೇ ವರ್ಷ ಏಪ್ರಿಲಿನಲ್ಲಿ ಅಓಯಾಗಿ ತೀರಿಕೊಂಡನು. ಆದರೆ ಉಪಕರಣದ ಮಾತೇ ಕೊನೆಯ ಮಾತಲ್ಲ. ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರು ಪ್ರಾಣವಾಯುವಿನ ಪ್ರಮಾಣವನ್ನು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದೆಂದು ಅಮೆರಿಕದ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಸಂಖ್ಯೆ ಸರಿಯಾಗಿದೆಯೆಂದು ಸುಮ್ಮನಿರದೆ, 'ನಿನಗೆ ಉಸಿರಾಟ ಹೇಗಿದೆ?' ಎಂದು ರೋಗಿಯನ್ನು ಕೇಳುವ ಅಗತ್ಯ ಅದರಿಂದ ಇನ್ನಷ್ಟು ದೃಢವಾಯಿತು.

ನಮ್ಮ ಕರ್ನಾಟಕವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. 2002ರಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ, ಕಾಡಂಚಿನ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಮಂಗಳೂರಿನ ಹೃದ್ರೋಗತಜ್ಞರಾದ ಡಾ. ಪದ್ಮನಾಭ ಕಾಮತರು 2018ರಿಂದ ಹಳ್ಳಿಯ ವೈದ್ಯರಿಗೆ ಚಿಕ್ಕ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ವಾಟ್ಸ್ಆ್ಯಪಿನಲ್ಲಿ ಬಂದ ಗೆರೆಗಳನ್ನು ನೋಡಿ ಸಲಹೆ ಕೊಡುವ ವ್ಯವಸ್ಥೆಯನ್ನು ಕಟ್ಟಿದರು. ಭಾರತ ಸರಕಾರವು 2019ರ ನವೆಂಬರಿನಲ್ಲಿ 'ಇ-ಸಂಜೀವಿನಿ'ಯನ್ನು ಆರಂಭಿಸಿತು. 2020ರ ಮಾರ್ಚಿನಲ್ಲಿ ದೂರವೈದ್ಯಕ್ಕೆ ನಿಯಮಗಳನ್ನೂ ಗೊತ್ತುಪಡಿಸಿತು. ಹೀಗೆ ಹಾದಿ ಸಿದ್ಧವಾಗಿದ್ದಾಗಲೇ ನಮ್ಮ ಮನೆಗೆ ಅದರ ಅಗತ್ಯ ಬಿದ್ದಿತು.

2024ರ ಫೆಬ್ರುವರಿ. ಊರಿನಲ್ಲಿ ಬಿಳಿಜೋಳದ ಸುಗ್ಗಿ. ನಮ್ಮ ತಾಯಿಯವರು ಕೊಡ ಹೊತ್ತು ಬರುತ್ತಿದ್ದವರು ಹೊಸ್ತಿಲ ಬಳಿ ಬಿದ್ದರೆಂದು ತಮ್ಮನ ಫೋನು ಬಂದಿತು. ಅದಕ್ಕೂ ಮುಂಚೆ ಎರಡು ಸಲ ಹಾಗಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ನಾವು ಫೋನಿನಲ್ಲಿ ಕೇಳಿದಾಗಲೆಲ್ಲ "ಅರಾಮ ಅದೀನಪ್ಪಾ, ನೀ ಹೆಂಗದೀ?" ಎಂಬುದೊಂದೇ ಉತ್ತರ. ತಾಲೂಕಿನ ಊರಿನಲ್ಲಿ ಇ.ಸಿ.ಜಿ. ತೆಗೆದರು. ಗೆರೆಗಳು ನೆಟ್ಟಗಿದ್ದವು. ಆದರೆ ಅಲ್ಲಿಯ ವೈದ್ಯರು ಅನುಭವಸ್ಥರು. 'ಬಿದ್ದ ಮನುಷ್ಯ ಸುಳ್ಳು ಹೇಳುವುದಿಲ್ಲ, ಮೂರು ದಿನ ಹೋಲ್ಟರ್ ಹಾಕೋಣ, ದಾಖಲೆಯನ್ನು ಮುಂಬಯಿಯ ಹೃದಯದ ವೈದ್ಯರಿಗೆ ಕಳುಹಿಸೋಣ' ಎಂದರು. ಅಂಗೈಯಲ್ಲಿ ಹಿಡಿಸುವ ಡಬ್ಬಿಯನ್ನು ತಾಯಿಯವರ ಸೊಂಟಕ್ಕೆ ಕಟ್ಟಿ, ತಂತಿಗಳನ್ನು ಎದೆಗೆ ಅಂಟಿಸಿ, ಮೂರು ದಿನ ಮೈಮೇಲೆ ನೀರು ಹಾಕಿಕೊಳ್ಳಬಾರದೆಂದು ಹೇಳಿ ಕಳುಹಿಸಿದರು. ಓಣಿಯ ಹೆಂಗಸರು ಬಂದು "ಇದೇನ ಯವ್ವಾ, ತಾಯತೇನು?" ಎಂದರೆ, ತಾಯಿಯವರು "ಹೌದವ್ವಾ, ದಾಗದಾರರ ತಾಯತ" ಎಂದು ನಕ್ಕರಂತೆ.

ಡಬ್ಬಿಯ ಜೊತೆಗೆ ವೈದ್ಯರು ಇನ್ನೊಂದು ಕೆಲಸವನ್ನೂ ಒಪ್ಪಿಸಿದ್ದರು. ಅದು ದಿನಚರಿ ಬರೆಯುವುದು. ಯಾವ ಹೊತ್ತಿಗೆ ಏನು ಮಾಡುತ್ತಿದ್ದರು, ಯಾವಾಗ ಏನೆನಿಸಿತು, ಎಲ್ಲವನ್ನೂ ಗಂಟೆ ನಿಮಿಷಗಳೊಡನೆ ಬರೆಯಬೇಕು. ತಾಯಿಯವರಿಗೆ ಅಕ್ಷರ ಬಾರದು. ತಮ್ಮ ಬೆಳಗಾದರೆ ಹೊಲಕ್ಕೆ ಹೋಗುವವನು. ನೆರೆಮನೆಯಲ್ಲಿ ಕನ್ನಡ ಶಾಲೆಯ ಏಳನೆಯ ಇಯತ್ತೆಯ ಹುಡುಗಿ ಒಬ್ಬಳಿದ್ದಾಳೆ. ನಮ್ಮ ತಾಯಿಯವರನ್ನು 'ಆಯಿ' ಎಂದು ಕರೆಯುವವಳು. ಮೂರು ದಿನವೂ ಶಾಲೆಯ ವೇಳೆಯೊಂದನ್ನು ಬಿಟ್ಟು ಅವಳು ಆಯಿಯ ಬೆನ್ನು ಬಿಡಲಿಲ್ಲ. ರಾತ್ರಿಯೂ ಅಲ್ಲಿಯೇ ಮಲಗಿದಳು. ಎರಡು ಗೆರೆಯ ಹಳೆಯ ನೋಟುಬುಕ್ಕಿನಲ್ಲಿ ಬರೆದಳು. ನಾಲ್ಕನೆಯ ದಿನ ಪುಟಗಳ ಛಾಯಾಚಿತ್ರಗಳು ನಮ್ಮ ಫೋನಿಗೆ ಬಂದವು.

ಅವುಗಳನ್ನು ಹಿಡಿದುಕೊಂಡು ನಾವು ಮುಂಬಯಿಯ ವೈದ್ಯರ ಬಳಿಗೆ ಹೋದೆವು. ಅವರು ಮರಾಠಿ ಮಾತನಾಡುವ ಸಜ್ಜನರು. ಅವರ ಗಣಕದ ಪರದೆಯ ಮೇಲೆ ನಮ್ಮ ತಾಯಿಯವರ ಮೂರು ದಿನದ ಹೃದಯವಿತ್ತು. ಸುಮಾರು ಮೂರು ಲಕ್ಷ ಬಡಿತಗಳು ಗೆರೆಯ ಮೇಲೆ ಗೆರೆಯಾಗಿ ಹರಿದಿದ್ದವು. ಗಣಕವು ಅವುಗಳಲ್ಲಿ ಸಂಶಯ ಬಂದ ಕಡೆಗಳಲ್ಲೆಲ್ಲ ಗುರುತು ಹಾಕಿತ್ತು. ವೈದ್ಯರು ಹೇಳಿದರು: "ಮಾಸ್ತರರೇ, ಇಲ್ಲಿ ಎರಡು ಕಡೆ ಗೆರೆ ಖಾಲಿಯಾಗಿದೆ. ಒಂದು, ಎರಡನೆಯ ದಿನ ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ, ಐದು ಸೆಕೆಂಡು. ಇನ್ನೊಂದು, ಮೂರನೆಯ ದಿನ ಮಧ್ಯಾಹ್ನ, ಬಹಳ ಹೊತ್ತು. ತಂತಿ ಕಳಚಿದರೂ ಗೆರೆ ಖಾಲಿಯಾಗುತ್ತದೆ, ಹೃದಯ ಒಂದು ಗಳಿಗೆ ನಿಂತರೂ ಖಾಲಿಯಾಗುತ್ತದೆ. ನನಗೆ ಒಂದು ಅಂದಾಜಿದೆ. ಆದರೆ ಆ ಹೊತ್ತಿಗೆ ತಾಯಿಗೆ ಏನಾಗುತ್ತಿತ್ತೆಂಬುದು ತಿಳಿದರೆ ಸಂಶಯ ಉಳಿಯುವುದಿಲ್ಲ."

ನಾವು ಪುಟಗಳನ್ನು ತೆಗೆದೆವು. ಮೂರನೆಯ ದಿನದ ಪುಟದಲ್ಲಿ ಹೀಗಿತ್ತು: "ಮಧ್ಯಾಹ್ನ. ಆಯಿ ಜ್ವಾಳ ಹಸನ ಮಾಡಾಕ ಕುಂತಾಗ ತಂತಿ ಕಳಚಿತು. ಕಾಕಾ ಹೊಲದಿಂದ ಬಂದಮ್ಯಾಲ ಮತ್ತ ಹಚ್ಚಿದರು. ಆಯಿಗೆ ಏನೂ ಆಗಿದ್ದಿಲ್ಲ." ಒಂದು ಒಗಟು ಬಿಡಿಸಿತು. ಎರಡನೆಯ ದಿನದ ಪುಟ: "ಮುಂಜಾನೆ 6 ಗಂಟೆ 20 ಮಿನಿಟು. ಆಯಿ ಒಲಿ ಮುಂದ ಕುಂತಾಗ ಕಣ್ಣಿಗೆ ಕತ್ತಲಿ ಬಂತು ಅಂದಳು. ಗ್ವಾಡಿ ಹಿಡಕೊಂಡಳು. ಎದಿ ಡವಡವ ಅನ್ನಲಿಲ್ಲ ಅಂದಳು."

6 ಗಂಟೆ 10 ನಿಮಿಷಕ್ಕೂ 6 ಗಂಟೆ 20 ನಿಮಿಷಕ್ಕೂ ಹತ್ತು ನಿಮಿಷದ ಅಂತರ. ವೈದ್ಯರು ಹುಬ್ಬು ಗಂಟಿಕ್ಕಿದರು. ಹತ್ತು ನಿಮಿಷವೆಂದರೆ 700 ಬಡಿತಗಳ ದೂರ. ಆಗ ನಮಗೆ ನೋಟುಬುಕ್ಕಿನ ಮೊದಲ ಪುಟದ ಮೊದಲ ಸಾಲು ಕಣ್ಣಿಗೆ ಬಿದ್ದಿತು. ಹುಡುಗಿ ದಿನಚರಿಯನ್ನು ಆರಂಭಿಸುವ ಮುನ್ನವೇ ಅಲ್ಲಿ ಬರೆದಿದ್ದಳು: "ಆಯಿ ಮನಿ ಗ್ವಾಡಿ ಗಡಿಯಾರ ಕಾಕಾನ ಮೊಬೈಲಿಗಿಂತ ಹತ್ತು ಮಿನಿಟು ಮುಂದ ಐತಿ. ಕಾಕಾ ಹೊಲಕ್ಕ ಮೊಬೈಲ್ ಒಯ್ಯತಾರ. ಅದಕ್ಕ ನಾ ಗ್ವಾಡಿ ಗಡಿಯಾರ ನೋಡಿ ಬರದೀನಿ." ನಾವು ಅದನ್ನು ಮರಾಠಿಯಲ್ಲಿ ಹೇಳಿದೊಡನೆ ವೈದ್ಯರು ಕುರ್ಚಿಯಿಂದ ಅರ್ಧ ಎದ್ದರು. "ಈ ಹುಡುಗಿ ಯಾರು?" ಎಂದು ಕೇಳಿದರು.

ಆಮೇಲೆ ಅವರು ನಮಗೆ ವಿವರಿಸಿದ್ದು ಇಷ್ಟು. ಹೃದಯಕ್ಕೆ ಬಡಿಯೆಂದು ಆಜ್ಞೆ ಕೊಡುವ ಸ್ಥಾನವೊಂದು ಹೃದಯದಲ್ಲಿಯೇ ಉಂಟು. ವಯಸ್ಸಾದಂತೆ ಕೆಲವರಲ್ಲಿ ಅದು ಸೋಲುತ್ತದೆ. ಆಜ್ಞೆ ಬಾರದಿದ್ದಾಗ ಹೃದಯ ಕೆಲವು ಸೆಕೆಂಡು ನಿಲ್ಲುತ್ತದೆ, ಮೆದುಳಿಗೆ ರಕ್ತ ಹೋಗದೆ ಕಣ್ಣಿಗೆ ಕತ್ತಲೆ ಬರುತ್ತದೆ, ನಿಂತಿದ್ದವರು ಬೀಳುತ್ತಾರೆ. ಗೆರೆ ನಿಂತ ಗಳಿಗೆಯೂ ಕತ್ತಲೆ ಬಂದ ಗಳಿಗೆಯೂ ಒಂದೇ ಎಂದು ಸಿದ್ಧವಾದ ಮೇಲೆ ಚಿಕಿತ್ಸೆಯ ವಿಷಯದಲ್ಲಿ ಅನುಮಾನವಿಲ್ಲ. ಪೇಸ್‌ಮೇಕರನ್ನು ಹಾಕಬೇಕು. ಅದೇ ದಿನಚರಿಯಲ್ಲಿ ಇನ್ನೊಂದು ಕಡೆ "ಎದಿ ಡವಡವ ಅಂತು" ಎಂದಿತ್ತು. ಆ ಹೊತ್ತಿನ ಗೆರೆಗಳನ್ನು ತೆಗೆದು ನೋಡಿದರೆ ಬಡಿತ ವೇಗವಾಗಿತ್ತೇ ಹೊರತು ಕ್ರಮ ತಪ್ಪಿರಲಿಲ್ಲ. ಕೊಡ ಹೊತ್ತು ಮೆಟ್ಟಿಲು ಹತ್ತಿದ್ದರೆಂದು ಮುಂದಿನ ಸಾಲಿನಲ್ಲಿಯೇ ಇತ್ತು. ಅದಕ್ಕೆ ಔಷಧ ಬೇಕಾಗಿರಲಿಲ್ಲ.

ಪರದೆಯನ್ನು ಮುಚ್ಚುವ ಮುನ್ನ ವೈದ್ಯರು ಇನ್ನೊಂದನ್ನು ಕೇಳಿದರು: "ಎರಡನೆಯ ದಿನ ರಾತ್ರಿ ಏಳೂವರೆ ಗಂಟೆಗೆ ಸುಮ್ಮನೆ ಕುಳಿತಿದ್ದಂತೆ ತೋರುತ್ತದೆ, ಆದರೆ ನಾಡಿ 56ರಿಂದ 80ಕ್ಕೆ ಏರಿದೆ. ಏನಾಗಿತ್ತು?" ನಾವು ಪುಟ ನೋಡಿದೆವು. "ರಾತ್ರಿ 7 ಗಂಟೆ 40 ಮಿನಿಟು. ಮುಂಬಯಿದಿಂದ ದೊಡ್ಡ ಕಾಕಾನ ಫೋನ ಬಂತು. ಆಯಿ ಅರಾಮ ಅದೀನಿ ಅಂದಳು." ಇದನ್ನು ಮರಾಠಿಗೆ ತಿರುಗಿಸಿ ಹೇಳಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ವೈದ್ಯರು ಅದಕ್ಕೆ ಏನೂ ಅನ್ನಲಿಲ್ಲ. ಕಾಗದದ ಮೇಲೆ ಪೇಸ್‌ಮೇಕರಿನ ವಿಷಯವನ್ನು ಬರೆದು ಕೊಟ್ಟರು.

ಮಾರ್ಚಿನಲ್ಲಿ ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಅದನ್ನು ಹಾಕಿಸಿದೆವು. 1958ರ ಅಕ್ಟೋಬರಿನಲ್ಲಿ ಸ್ವೀಡನ್ ದೇಶದ ಆರ್ನೆ ಲಾರ್ಸನ್ ಎಂಬವನಿಗೆ ಜಗತ್ತಿನಲ್ಲಿ ಮೊದಲ ಬಾರಿ ಮೈಯೊಳಗೆ ಪೇಸ್‌ಮೇಕರನ್ನು ಇರಿಸಿದ್ದರು. ಮೊದಲಿನ ಉಪಕರಣ ಕೆಲವೇ ಗಂಟೆ ನಡೆಯಿತು. ಆದರೆ ಒಂದಾದ ಮೇಲೊಂದು ಬದಲಿಸುತ್ತ ಅವನು 86 ವರ್ಷ ಬದುಕಿ 2001ರಲ್ಲಿ ತೀರಿಕೊಂಡನು. ಈ ಕಥೆಯನ್ನು ನಾವು ತಾಯಿಯವರಿಗೆ ಹೇಳಿದಾಗ, "ಅಂವಗ ದಿನಚರಿ ಯಾರು ಬರದಿದ್ದರು?" ಎಂದು ಕೇಳಿದರು.

ವಿದ್ಯಾರ್ಥಿಗಳೇ, ಈಗ ನಾವು ನಿಮಗೆ ಹೇಳಬೇಕಾದ ಮಾತಿಗೆ ಬರುತ್ತೇವೆ. ಆ ಡಬ್ಬಿ ಬಹಳ ಕೆಲಸ ಮಾಡಿತು. ಅದಿಲ್ಲದಿದ್ದರೆ ಐದು ಸೆಕೆಂಡಿನ ಆ ಮೌನ ಯಾರಿಗೂ ಕೇಳಿಸುತ್ತಿರಲಿಲ್ಲ. ಆದರೆ ಮೌನದ ಅರ್ಥವನ್ನು ತಿಳಿಸಿದುದು ಏಳನೆಯ ಇಯತ್ತೆಯ ಹುಡುಗಿಯ ಕನ್ನಡ. ಅವಳು 'ಕಣ್ಣಿಗೆ ಕತ್ತಲಿ' ಎಂದದ್ದನ್ನು ಹಾಗೆಯೇ ಬರೆದಳು, 'ಎದಿ ಡವಡವ' ಎಂದದ್ದನ್ನು ಬೇರೆಯಾಗಿ ಬರೆದಳು. ಇವೆರಡನ್ನೂ ಕೂಡಿಸಿ 'ತ್ರಾಸ ಆಯಿತು' ಎಂದು ಬರೆದಿದ್ದರೆ? ಮುಂಬಯಿಯ ನಮ್ಮ ಮಕ್ಕಳು ಇಂದು ಹೊಟ್ಟೆ ನೋವಿಗೂ ತ್ರಾಸ, ತಲೆ ಸುತ್ತಿಗೂ ತ್ರಾಸ, ಉಸಿರು ಕಟ್ಟಿದರೂ ತ್ರಾಸ, ಪರೀಕ್ಷೆ ಬಂದರೂ ತ್ರಾಸ ಎನ್ನುತ್ತಾರೆ. ಆ ಶಬ್ದದ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಹತ್ತು ಬಗೆಯ ಸಂಕಟಗಳನ್ನು ಒಂದೇ ಚೀಲದಲ್ಲಿ ತುಂಬಿ ವೈದ್ಯನ ಮುಂದೆ ಸುರಿದರೆ ಅವನು ಆರಿಸುವುದು ಹೇಗೆ?

ನಿಮ್ಮ ಅಜ್ಜಿಯರ ಬಾಯಲ್ಲಿ ಈ ಹತ್ತಕ್ಕೂ ಹತ್ತು ಹೆಸರುಗಳಿವೆ. ಉರಿ ಬೇರೆ, ಸೆಳೆತ ಬೇರೆ, ಚುಚ್ಚು ಬೇರೆ, ಚಳಕು ಬೇರೆ. ಜೋಮು ಹಿಡಿಯುವುದು ಬೇರೆ, ಮರಗಟ್ಟುವುದು ಬೇರೆ. ತಲೆ ಸುತ್ತುವುದು, ತಲೆ ಸಿಡಿಯುವುದು, ತಲೆ ಭಾರವಾಗುವುದು ಮೂರೂ ಬೇರೆ. ಹೊಟ್ಟೆ ತೊಳಸುವುದು, ಹೊಟ್ಟೆ ಉಬ್ಬರಿಸುವುದು, ಹೊಟ್ಟೆ ಮುರಿಯುವುದು ಒಂದೇ ಅಲ್ಲ. ಎದೆ ಉರಿಯುತ್ತದೆಂದರೆ ವೈದ್ಯನು ಒಂದನ್ನು ಯೋಚಿಸುವನು, ಎದೆಯ ಮೇಲೆ ಕಲ್ಲಿಟ್ಟಂತಾಗುತ್ತದೆಂದರೆ ಇನ್ನೊಂದನ್ನು. ಇವು ಕವಿಗಳು ಕಟ್ಟಿದ ಶಬ್ದಗಳಲ್ಲ. ನೋವನ್ನುಂಡವರು ತಲೆಮಾರುಗಳಿಂದ ಒಂದರಿಂದೊಂದನ್ನು ಬಿಡಿಸಿ ಇಟ್ಟುಕೊಂಡ ಶಬ್ದಗಳು. ಯಾವ ಗಡಿಯಾರದ ಹಸಿರು ಬೆಳಕೂ ಇವುಗಳನ್ನು ಅಳೆಯಲಾರದು.

2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರಿಶೀಲನೆಯಲ್ಲಿ 4,19,297 ಜನ ನಾಡಿ ನೋಡುವ ಆಪಲ್ ಗಡಿಯಾರವನ್ನು ಧರಿಸಿದ್ದರು. ಗಡಿಯಾರವು 2,161 ಜನರಿಗೆ ಮಾತ್ರ 'ನಿಮ್ಮ ನಾಡಿ ಕ್ರಮ ತಪ್ಪಿದೆ' ಎಂದು ಎಚ್ಚರಿಸಿತು. ಹಾಗೆ ಎಚ್ಚರಿಸಲ್ಪಟ್ಟವರಲ್ಲಿ ಎದೆಗೆ ಪಟ್ಟಿ ಅಂಟಿಸಿಕೊಂಡು ಮರಳಿಸಿದ 450 ಜನರ ದಾಖಲೆಯನ್ನು ನೋಡಿದಾಗ, ನೂರಕ್ಕೆ 34 ಜನರಲ್ಲಿ ಆ ದೋಷ ಸಿಕ್ಕಿತು. ಉಳಿದವರಲ್ಲಿ ದೋಷವಿರಲೇ ಇಲ್ಲವೆಂದು ಇದರ ಅರ್ಥವಲ್ಲ; ಆ ದಿನಗಳಲ್ಲಿ ಅದು ಕಾಣಿಸಿಕೊಳ್ಳದೆಯೂ ಇದ್ದಿರಬಹುದು. ಗಡಿಯಾರವು ಬಾಗಿಲು ತಟ್ಟುತ್ತದೆ. ಒಳಗೆ ಹೋಗಿ ವಿಚಾರಿಸುವ ಕೆಲಸ ಮನುಷ್ಯನದು ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಮನೆಯ ದುಭಾಷಿಗಳು. ಇಂಡಿ, ಸೇಡಂ, ಯಾದಗಿರಿಗಳಿಂದ ಬಂದ ಕೂಲಿಕಾರರ ಮಕ್ಕಳಿರಲಿ, ಕುಂದಾಪುರದಿಂದ ಬಂದ ಹೋಟೆಲಿನವರ ಮಕ್ಕಳಿರಲಿ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರಿಗೂ ಅವಳಿಗೂ ನಡುವೆ ನಿಲ್ಲುವವರು ನೀವೇ. ಕನ್ನಡ ಶಾಲೆಯಲ್ಲಿ ಓದಿ ಏನು ಪ್ರಯೋಜನವೆಂದು ನಿಮ್ಮನ್ನು ಕೇಳುವವರುಂಟು. ನಮ್ಮನ್ನೂ ಕೇಳುತ್ತಾರೆ. ಆ ಪ್ರಶ್ನೆಗೆ ನಾವು ವಾದದಿಂದ ಉತ್ತರಿಸುವುದನ್ನು ಬಿಟ್ಟಿದ್ದೇವೆ; ಆ ಎರಡು ಗೆರೆಯ ನೋಟುಬುಕ್ಕಿನ ಮೊದಲ ಪುಟವನ್ನು ತೋರಿಸುತ್ತೇವೆ.

ಆದುದರಿಂದ ನಾಳೆ ನೀವು ಹಾಗೆ ನಡುವೆ ನಿಂತಾಗ ಕೆಲವು ಮಾತುಗಳನ್ನು ನೆನಪಿಡಿರಿ. ಅಜ್ಜಿ ಹೇಳುವುದನ್ನು ಪೂರ್ತಿ ಕೇಳಿರಿ. ನಡುವೆ ಬಾಯಿ ಹಾಕಬೇಡಿರಿ. ಅವಳ ಶಬ್ದವನ್ನೇ ಒಯ್ಯಿರಿ. ಅದಕ್ಕೆ ಹಿಂದಿಯಲ್ಲಾಗಲಿ ಮರಾಠಿಯಲ್ಲಾಗಲಿ ಸರಿಯಾದ ಶಬ್ದ ಸಿಗದಿದ್ದರೆ ಬಿಡಿಸಿ ಹೇಳಿರಿ, ಕೈ ಮಾಡಿ ತೋರಿಸಿರಿ. 'ಏನಿಲ್ಲ, ಅರಾಮ' ಎಂದರೆ ಇನ್ನೊಮ್ಮೆ ಕೇಳಿರಿ, ಮತ್ತೆ ಒಬ್ಬರೇ ಇದ್ದಾಗ ಕೇಳಿರಿ. ಮಕ್ಕಳ ಮುಂದೆ ಮುಚ್ಚಿಟ್ಟದ್ದನ್ನು ಹಿರಿಯರು ಮೊಮ್ಮಕ್ಕಳ ಮುಂದೆ ಹೇಳುವರು. ಹೊತ್ತನ್ನು ಬರೆದಿಡಿರಿ. ಬರೆಯುವ ಮುನ್ನ ನಿಮ್ಮ ಗಡಿಯಾರ ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಎಂಬುದನ್ನು ನೋಡಿಕೊಳ್ಳಿರಿ. ನಿಮಗೆ ಗೊತ್ತಿಲ್ಲದ್ದನ್ನು ಸೇರಿಸಬೇಡಿರಿ. ಗೊತ್ತಿರುವುದನ್ನು ನಾಚಿಕೆಯಿಂದ ಬಿಡಬೇಡಿರಿ.

ಈ ವರ್ಷ ಎಂಟನೆಯ ತರಗತಿಯವರು ಒಂದು ವಹಿಯನ್ನು ಆರಂಭಿಸಿದ್ದಾರೆ. ಮನೆಯ ಹಿರಿಯರು ಮೈಯ ನೋವುಬೇನೆಗಳಿಗೆ ಬಳಸುವ ಶಬ್ದಗಳನ್ನು ಕೇಳಿ, ಅವುಗಳ ಅರ್ಥವನ್ನೂ ಊರನ್ನೂ ಅದರಲ್ಲಿ ಬರೆಯುತ್ತಾರೆ. ಇಂದಿಗೆ 212 ಶಬ್ದಗಳಾಗಿವೆ. ಪ್ರತಿ ಶಬ್ದದ ಎದುರಿಗೆ ಮರಾಠಿಯ ಮಾತನ್ನು ಬರೆಯುವ ಕೆಲಸ ಅರ್ಧಕ್ಕೆ ಬಂದಿದೆ. ವಹಿಯು ನಮ್ಮ ಕಪಾಟಿನಲ್ಲಿದೆ, ಕಪಾಟಿಗೆ ಬೀಗವಿಲ್ಲ. ದೀಪಾವಳಿಯ ರಜೆಗೆ ಊರಿಗೆ ಹೋಗುವವರು ಹೋಗುವ ಮುನ್ನ ಒಮ್ಮೆ ಅದನ್ನು ಓದಿ ಹೋಗಿರಿ, ಬರುವಾಗ ಅದರಲ್ಲಿಲ್ಲದ ಒಂದು ಶಬ್ದವನ್ನಾದರೂ ತನ್ನಿರಿ.